ಅತ್ತೆಯ ಸಿಡಿಯಲ್ಲೊಂದು ಸದ್ದು

ಟಕ್. ಮತ್ತೆ ಅದೇ ಸದ್ದು. ಸೊಸೆ ಹೆಡ್‌ಫೋನನ್ನು ಕಿವಿಗೆ ಒತ್ತಿ ಹಿಡಿದು, ಪಿಯಾನೋ ವಾದನವನ್ನು ಸ್ವಲ್ಪ ಹಿಂದಕ್ಕೆ ಸರಿಸಿ ಇನ್ನೊಮ್ಮೆ ಕೇಳಿದಳು. ಅನುಮಾನವೇ ಇರಲಿಲ್ಲ. ಯಾರೋ ಮರದ ಹಲಗೆಯನ್ನು ಮೆಲ್ಲಗೆ ತಟ್ಟಿದಂಥ, ಇದ್ದೂ ಇಲ್ಲದಂಥ ಸದ್ದು. ಗೀರು ಬಿತ್ತೇನೋ ಎಂದು ಸಿಡಿಯನ್ನು ಹೊರತೆಗೆದು ಬೆಳಕಿಗೆ ಹಿಡಿದು ನೋಡಿದಳು. ಅತ್ತೆ ತಮ್ಮ ಜೀವಮಾನದಲ್ಲಿ ಹೊರತಂದ ಒಂದೇ ಒಂದು ಸಿಡಿ ಅದು. ಅವರು ಪಾಠ ಹೇಳುತ್ತಿದ್ದ ಸಂಗೀತ ಶಾಲೆಯವರು ತಮ್ಮ ಜಾಲತಾಣಕ್ಕೆ ಹಾಕುತ್ತೇವೆಂದು ಕೇಳಿದ್ದರು. ಕಂಪ್ಯೂಟರಿಗೆ ಇಳಿಸಿಕೊಡುವ ಕೆಲಸವನ್ನು ಸೊಸೆಯೇ ಮೇಲೆ ಬಿದ್ದು ಒಪ್ಪಿಕೊಂಡಿದ್ದಳು. ಡಬ್ಬಿಯಿಂದ ತೆಗೆಯುವಾಗ ಸಿಡಿ ಕೈಜಾರಿ ಮೇಜಿನ ಮೇಲೆ ಬಿದ್ದಿತ್ತು. ಮದುವೆಯಾಗಿ ಬಂದು ಇನ್ನೂ ವರ್ಷ ತುಂಬದ ಮನೆಯಲ್ಲಿ ಅದನ್ನು ಹೇಳಲು ಅವಳಿಗೆ ಬಾಯಿ ಬಂದಿರಲಿಲ್ಲ.

ಅವಳು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವಳು. ಒಂದು ಗುಳಿಗೆ ಕೊಡಬೇಕಾದರೂ ಡಾಕ್ಟರ ಚೀಟಿಯನ್ನು ಎರಡೆರಡು ಸಲ ಓದುವ ಅಭ್ಯಾಸ. ಇಲ್ಲೂ ಹಾಗೆಯೇ ಪಟ್ಟು ಹಿಡಿದು ಕೂತಳು. ಮೆತ್ತನೆಯ ಬಟ್ಟೆಯಿಂದ ಸಿಡಿಯನ್ನು ನಡುವಿನಿಂದ ಅಂಚಿನತ್ತ ಒರೆಸಿ, ನಿಧಾನವಾದ ವೇಗದಲ್ಲಿ ಮತ್ತೆ ನಕಲು ಮಾಡಿದಳು. ಸದ್ದು ಅದೇ ಜಾಗದಲ್ಲಿತ್ತು. ಎರಡು ನಕಲುಗಳನ್ನು ಕಂಪ್ಯೂಟರಿನಲ್ಲಿ ಹೋಲಿಸಿದರೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಕೊನೆಗೆ ಊರ ಗ್ರಂಥಾಲಯದಲ್ಲಿ ಇದೇ ಸಿಡಿಯ ಇನ್ನೊಂದು ಪ್ರತಿ ಇದೆಯೆಂದು ತಿಳಿದು, ಹೋಗಿ ತಂದು ಹಾಕಿದಳು. ಅದರಲ್ಲೂ ಟಕ್. ಸದ್ಯ, ತಪ್ಪು ತನ್ನ ಕೈಯದಲ್ಲ. ಹೋದ ಜೀವ ಮರಳಿದಂತಾಯಿತು.

ಭಯ ಇಳಿದ ಮೇಲೆ ಕುತೂಹಲ ಏರಿತು. ಗೀರಿನ ಸದ್ದಾದರೆ ಎಲ್ಲೆಂದರಲ್ಲಿ ಬರಬೇಕು. ಇದು ಹಾಗಲ್ಲ. ಸ್ವರಗಳು ಒಂದರೊಳಗೊಂದು ಕರಗಿ ಹರಡಿಕೊಳ್ಳುವ ಕಡೆಗಳಲ್ಲಿ, ಅದಕ್ಕೆ ರೆಪ್ಪೆ ಬಡಿಯುವಷ್ಟು ಮೊದಲು, ಟಕ್. ಮೊದಲ ಕೃತಿಯಲ್ಲಿ ಸ್ಪಷ್ಟವಾಗಿತ್ತು, ಎರಡನೆಯದರಲ್ಲಿ ಮೆತ್ತಗಾಗಿತ್ತು, ಮೂರನೆಯದರಲ್ಲಿ ಅಲ್ಲೊಂದು ಇಲ್ಲೊಂದು. ನಾಲ್ಕನೆಯದರಿಂದ ಮುಂದೆ ಮೈಯೆಲ್ಲ ಕಿವಿಯಾಗಿ ಕೇಳಿದರೂ ಇಲ್ಲ. ಇಂಥ ಸದ್ದನ್ನು ಅಕ್ಕಿಯೊಳಗಿನ ಕಲ್ಲಿನಂತೆ ಆರಿಸಿ ತೆಗೆಯುವ ಸಾಫ್ಟ್‌ವೇರ್ ಅವಳ ಬಳಿ ಇತ್ತು. ಆದರೆ ನುಡಿಸಿದವರನ್ನು ಕೇಳದೆ ಕೈಹಾಕಲು ಮನಸ್ಸಾಗಲಿಲ್ಲ.

ಅತ್ತೆಯೆಂದರೆ ಸಾಮಾನ್ಯರಲ್ಲ. ಪಾಠಕ್ಕೆ ಬರುವ ಮಕ್ಕಳು ಅಭ್ಯಾಸ ಮಾಡುವಾಗ ಒಂದು ಸ್ವರ ತಪ್ಪಿದರೆ ಪಕ್ಕದ ಕೋಣೆಯಿಂದಲೇ ಕೆಮ್ಮಿ ಎಚ್ಚರಿಸುವವರು. ಸೊಸೆ ಅಳುಕುತ್ತಲೇ ಅವರನ್ನು ಕರೆದು ಕೂರಿಸಿ ಹೇಳಿದಳು: "ಅತ್ತೆ, ಮೊದಲ ಮೂರರಲ್ಲಿ ಏನೋ ಸದ್ದಿದೆ. ಸಿಡಿ ಕೆಟ್ಟಿಲ್ಲ, ರೆಕಾರ್ಡಿಂಗ್‌ನಲ್ಲೇ ಬಂದಿದೆ. ತೆಗೆದುಬಿಡ್ಲಾ?"

ಅತ್ತೆ ಹೆಡ್‌ಫೋನ್ ಹಾಕಿಕೊಂಡು ಕಣ್ಣು ಮುಚ್ಚಿದರು. ಸ್ವಲ್ಪ ಹೊತ್ತಿಗೆ ಅವರ ಬಲಗಾಲು ತನ್ನಷ್ಟಕ್ಕೆ ನೆಲವನ್ನು ಒತ್ತತೊಡಗಿತು. ಆಮೇಲೆ, ಅಪರೂಪಕ್ಕೆ, ಮುಖವೆಲ್ಲ ನಗುವಾಯಿತು. ಅಡುಗೆಮನೆಯತ್ತ ತಿರುಗಿ, "ರೀ, ಸ್ವಲ್ಪ ಇಲ್ಲಿ ಬನ್ನಿ. ಸೊಸೆ ಕೈಗೆ ಸಿಕ್ಕಿಬಿದ್ರಿ ನೀವು," ಎಂದರು.

ಮಾವ ಮನೆಮನೆಗೆ ಹೋಗಿ ಕರೆಂಟ್ ಮೀಟರ್ ಓದುವ ಕೆಲಸ ಮಾಡಿ ನಿವೃತ್ತರಾದವರು. ಒದ್ದೆ ಕೈ ಒರೆಸಿಕೊಳ್ಳುತ್ತ ಬಂದು, ಹೆಡ್‌ಫೋನಿನಲ್ಲಿ ಆ ಸದ್ದನ್ನು ಕೇಳಿದವರೇ ಮುಖ ಸಣ್ಣದು ಮಾಡಿಕೊಂಡರು. ಅದು ತನ್ನದೇ ತಪ್ಪು, ತೆಗೆದುಹಾಕು ಎಂದು ಸೊಸೆಗೆ ಹೇಳಿದರು. ಅವಳಿಗೆ ತಲೆಬುಡ ತಿಳಿಯಲಿಲ್ಲ. ಅತ್ತೆಯೇ ಬಿಡಿಸಿ ಹೇಳಬೇಕಾಯಿತು. ರೆಕಾರ್ಡಿಂಗ್ ದಿನ ಬೆಳಿಗ್ಗೆ ಸಭಾಂಗಣಕ್ಕೆ ಹೋಗಿ ನೋಡಿದರೆ ಪಿಯಾನೋದ ಪೆಡಲಿನ ಕಂಬಿ ಮುರಿದಿತ್ತಂತೆ. ಕಾಲಿನಿಂದ ಒತ್ತಿದರೆ ಸ್ವರಗಳು ಥಟ್ಟನೆ ನಿಲ್ಲದೆ ಗುಂಯ್‌ಗುಡುವಂತೆ ಮಾಡುವ ಪೆಡಲ್ ಅದು. ಅದಿಲ್ಲದಿದ್ದರೆ ಪಿಯಾನೋ ಅರ್ಧ ಮೂಗ. ರಿಪೇರಿಯವನು ಊರಲ್ಲಿರಲಿಲ್ಲ. ರೆಕಾರ್ಡ್ ಮಾಡಲು ಬಂದವರು ಸಂಜೆಯ ರೈಲಿಗೆ ಹೊರಡುವವರು. ಅತ್ತೆ ಅಳುವುದೊಂದು ಬಾಕಿ. ಆಗ ಮಾವ ಟಾರ್ಚ್ ಹಿಡಿದು ಪಿಯಾನೋದ ಕೆಳಗೆ ನುಸುಳಿ, ಆ ಕಂಬಿ ಮೇಲೆತ್ತಬೇಕಿದ್ದ ಮರದ ಪಟ್ಟಿ ಯಾವುದೆಂದು ಹುಡುಕಿ, "ನೀನು ಯಾವಾಗಿನ ಹಾಗೆ ಕಾಲು ಒತ್ತು, ಮಿಕ್ಕಿದ್ದು ನಾನು ನೋಡ್ಕೋತೀನಿ," ಎಂದರಂತೆ. ಸಂಜೆಯವರೆಗೂ ಅಂಗಾತ ಮಲಗಿ, ಒಂದು ಕೈಯನ್ನು ಹೆಂಡತಿಯ ಪಾದದ ಮೇಲಿಟ್ಟು, ಆ ಪಾದ ಒತ್ತಿದ ಕ್ಷಣಕ್ಕೇ ಇನ್ನೊಂದು ಕೈಯಿಂದ ಪಟ್ಟಿಯನ್ನು ಎತ್ತಿ ಎತ್ತಿ ಇಳಿಸಿದರಂತೆ. ಮೊದಮೊದಲು ಗಾಬರಿಯಲ್ಲಿ ಬೆರಳಿನ ಗೆಣ್ಣು ಮರಕ್ಕೆ ಬಡಿಯುತ್ತಿತ್ತು. ಅದೇ ಆ ಟಕ್.

ಸೊಸೆ ಮಾವನ ಕೈಗಳನ್ನೇ ನೋಡುತ್ತ ಕೂತಳು. ದಿನವೂ ಟೀ ಲೋಟ ಚಾಚುವಾಗ ಕಾಣುವ ಕೈಗಳು. ನಿಮಗೆ ಸಂಗೀತ ಬರುತ್ತದೆಂದು ಇಷ್ಟು ದಿನ ಗೊತ್ತೇ ಇರಲಿಲ್ಲ ಎಂದಳು.

"ಸರಿಗಮದಲ್ಲಿ ನನಗೆ ಬರೋದು ‘ಸರಿ’ ಒಂದೇ ಕಣಮ್ಮ," ಎಂದರು ಮಾವ. "ನಿಮ್ಮತ್ತೆ ಏನು ಹೇಳಿದ್ರೂ ಅದನ್ನೇ ನುಡಿಸ್ಕೊಂಡು ಬಂದಿದೀನಿ."

ಆದರೆ ಈ ಒಂದು ವಿಷಯಕ್ಕೆ ಅವರು ಸರಿ ಎನ್ನಲಿಲ್ಲ. ಕೇಳಿದವರು ನಿನ್ನ ನುಡಿಸುವಿಕೆಗೇ ಕೊಂಕು ಹುಡುಕುತ್ತಾರೆ, ತೆಗೆಸಿಬಿಡು ಎಂದು ಹೆಂಡತಿಯನ್ನು ಗೋಗರೆದರು. ಅತ್ತೆ ಜಗ್ಗಲಿಲ್ಲ. ಇದ್ದದ್ದು ಇದ್ದ ಹಾಗೇ ಹೋಗಲಿ, ಒಂದು ಟಕ್ಕನ್ನೂ ಮುಟ್ಟಬೇಡ ಎಂದು ಸೊಸೆಗೆ ಕಟ್ಟಪ್ಪಣೆ ಮಾಡಿದರು. ಅವಳು ಸಾಫ್ಟ್‌ವೇರನ್ನು ಮುಚ್ಚಿದಳು. ಒಂದು ಮಾತ್ರ ಬಗೆಹರಿಯದೆ ಉಳಿದಿತ್ತು.

"ಹಾಗಾದ್ರೆ ನಾಲ್ಕನೇದಕ್ಕೆ ಮೊದಲು ಪೆಡಲ್ ರಿಪೇರಿ ಆಯ್ತಾ ಅತ್ತೆ? ಅಲ್ಲಿಂದ ಮುಂದೆ ಸದ್ದೇ ಇಲ್ಲ."

"ಎಲ್ಲಿಯ ರಿಪೇರಿ?" ಎಂದರು ಅತ್ತೆ. "ಕೊನೇವರೆಗೂ ಇವರೇ ಇದ್ದಾರೆ. ನಿನಗೆ ಕೇಳಿಸ್ತಿಲ್ಲ, ಅಷ್ಟೆ."