ಗೋಲಿಗೆ ಇಬ್ಬರು ಯಾಕೆ?

"ಸಾರ್, ಆ ಶಶಿರೇಖಾನ ಇನ್ನೊಂದು ವರ್ಷ ಇಟ್ಕೊಂಡ್ರೆ ನಮ್ ಟೀಮು ಉದ್ಧಾರ ಆದಂಗೇ!"

ರಘುನಾಥ್ ಬೈಕಿಗೆ ಸ್ಟ್ಯಾಂಡ್ ಹಾಕುವಷ್ಟರಲ್ಲೇ ಚಿನ್ನಸ್ವಾಮಿ ಶುರು ಮಾಡಿಬಿಟ್ಟ. ಸಾನಮಾವು ಕಾಡಿನಂಚಿನ ಆ ಮನೆಯಂಗಳದಲ್ಲಿ ಗಂಡಹೆಂಡತಿ ಟೊಮೆಟೊ ರಾಶಿಯ ಮುಂದೆ ಕೂತು ಹಣ್ಣು ಕಾಯಿ ಬೇರೆ ಮಾಡುತ್ತಿದ್ದರು. ಮೊನ್ನೆ ಆನೆ ತುಳಿದು ಉಳಿಸಿದ್ದನ್ನೆಲ್ಲ ಒಂದೇ ಸಲಕ್ಕೆ ಕಿತ್ತು ತಂದಿದ್ದರು. ಬೇರೆಯವರಾಗಿದ್ದರೆ ಆನೆಗೆ ಶಾಪ ಹಾಕುತ್ತಿದ್ದರು. ಇವರ ಶಾಪವೆಲ್ಲ ಫುಟ್ಬಾಲಿಗೆ. ಮಗಳು ಸೌಮ್ಯ ಹೊಸೂರಿನ ಹೆಂಗಸರ ತಂಡಕ್ಕೆ ಸಂಬಳದ ಗೋಲ್‌ಕೀಪರ್ ಆಗಿ ಸೇರಿದ ಮೇಲೆ ಇಬ್ಬರೂ ಒಂದು ಮ್ಯಾಚು ಬಿಟ್ಟವರಲ್ಲ.

ತಂಡದ ಮ್ಯಾನೇಜರ್ ರಘುನಾಥ್ ಬಂದದ್ದು ಮಾತ್ರ ಬೇರೆ ಕೆಲಸಕ್ಕೆ. ಸೌಮ್ಯಳನ್ನು ಒಂದು ಸೀಸನ್ ಮಟ್ಟಿಗೆ ಗೋವಾದ ತಂಡಕ್ಕೆ ಕೊಟ್ಟು, ಅಲ್ಲಿಂದ ಗೋಲು ಹೊಡೆಯುವ ಹುಡುಗಿಯೊಬ್ಬಳನ್ನು ಕರೆಸಿಕೊಳ್ಳುವುದೆಂದು ಮಾತಾಗಿತ್ತು. ಅವತ್ತೇ ಸಂಜೆ ಐದರೊಳಗೆ ಒಪ್ಪಂದದ ಕಾಗದ ಹೋಗಬೇಕು. ಸೌಮ್ಯ ಬೆಳಿಗ್ಗೆ ಒಂದೇ ಮಾತು ಹೇಳಿದ್ದಳು: "ಅಪ್ಪ ಹೂಂ ಅಂದ್ರೆ ಹೋಗ್ತೀನಿ ಸಾರ್. ಇಲ್ಲಾಂದ್ರೆ ಆಟಾನೇ ಬಿಟ್ಟು ಕಂಪನಿ ಕೆಲಸಕ್ಕೆ ಸೇರ್ಕೋತೀನಿ. ಮೂರನೇ ವರ್ಷಾನೂ ಬೆಂಚಲ್ಲಿ ಕೂರೋಕಾಗಲ್ಲ. ನೀವೇ ಕೇಳಿ, ನಂಗೆ ಧೈರ್ಯ ಇಲ್ಲ." ಅಷ್ಟು ಒಳ್ಳೆಯ ಕೈ ಇರುವ ಹುಡುಗಿ ಆಟ ಬಿಡುವುದನ್ನು ನೆನೆದರೇ ರಘುನಾಥ್‌ಗೆ ಸಂಕಟವಾಗುತ್ತಿತ್ತು. ಅವಳಪ್ಪನೋ, ಮಗಳು ಹೊಸೂರಿನ ಹಾಸ್ಟೆಲಿನಲ್ಲಿ ಇರುವುದಕ್ಕೇ ಎರಡು ವರ್ಷದ ಹಿಂದೆ ಊರೆಲ್ಲ ಕೇಳುವಂತೆ ಕೂಗಾಡಿದ್ದ ಆಸಾಮಿ.

"ಚಿನ್ನಸ್ವಾಮಿಯವರೇ, ಒಂದು ವಿಷಯ..."

"ಇರಿ ಸಾರ್, ಮೊದ್ಲು ನನ್ ಮಾತು ಮುಗೀಲಿ. ಶಶಿರೇಖಾ ಹೋದ ಸಲ ಹೊಡೆದಿದ್ದೆಷ್ಟು? ಎರಡು ಗೋಲು. ಅದ್ರಲ್ಲಿ ಒಂದು ಅವಳ ಬೆನ್ನಿಗೆ ತಗಲಿ ತಾನೇ ಹೋಗಿದ್ದು!"

"ಚೆಂಡು ತಂದ್ಕೊಡೋರೇ ಇಲ್ದಿದ್ರೆ ಅವಳೇನ್ ಮಾಡ್ತಾಳೆ?" ರಾಮಲಕ್ಷ್ಮಮ್ಮ ಕೊಳೆತ ಹಣ್ಣೊಂದನ್ನು ಅತ್ತ ಎಸೆದಳು. "ಕಳ್ಸೋದಾದ್ರೆ ಆ ಚಂದ್ರಲೇಖಾನ ಕಳ್ಸಿ ಸಾರ್. ಮಂಡಿ ನೋವು ಅಂತ ಅರ್ಧ ಮ್ಯಾಚು ನಡ್ಕೊಂಡೇ ಇರ್ತಾಳೆ."

"ಕ್ಯಾಪ್ಟನ್ನ ಕಳ್ಸ್ತಾರೇನೇ? ತಲೆ ಐತಾ ನಿಂಗೆ?"

"ಓಡ್ದೆ ಇರೋ ಕ್ಯಾಪ್ಟನ್ನ ಇಟ್ಕೊಂಡು ಪೂಜೆ ಮಾಡ್ತೀರಾ?"

ರಘುನಾಥ್ ಮೂರು ಸಲ ಬಾಯಿ ತೆರೆದ, ಮೂರು ಸಲವೂ ಮುಚ್ಚಿದ. ಅವನ ಎದುರಿಗೇ ಗಂಡಹೆಂಡತಿ ಒಬ್ಬಳನ್ನು ಬಿಟ್ಟರು, ಇನ್ನೊಬ್ಬಳನ್ನು ಕರೆದರು, ಕೇರಳದಿಂದ ಇಬ್ಬರನ್ನು ತರಿಸಿದರು, ತರಿಸಿದವರಲ್ಲಿ ಒಬ್ಬಳನ್ನು ವಾಪಸ್ಸೂ ಕಳಿಸಿದರು. ಗಂಟೆ ಮೂರೂವರೆ ಆಯಿತು. ಕೊನೆಗೆ ಚಿನ್ನಸ್ವಾಮಿ ತೊಡೆ ತಟ್ಟಿದ.

"ಅಲ್ಲ ಸಾರ್, ಗೋಲಿಗೆ ಇಬ್ಬರು ಯಾಕೆ? ಒಬ್ಬಳನ್ನ ಕೊಟ್ಬುಡಿ, ಹೊಡೆಯೋಳೊಬ್ಬಳನ್ನ ತಗೊಳ್ಳಿ!"

ರಘುನಾಥ್‌ಗೆ ಹೋದ ಜೀವ ಬಂದಂತಾಯಿತು. "ಅಬ್ಬಾ, ನಾನೂ ಅದನ್ನೇ..."

"ಆ ಕಲ್ಪನಾನ ಕೊಟ್ಬುಡಿ."

ಕಲ್ಪನಾ ತಂಡದ ಮೊದಲ ಗೋಲ್‌ಕೀಪರ್. ಕೆಟ್ಟೆ ಅಂದುಕೊಂಡ ರಘುನಾಥ್. ಆದರೆ ರಾಮಲಕ್ಷ್ಮಮ್ಮ ಸುಮ್ಮನಿರುವ ಪೈಕಿಯಲ್ಲ.

"ಕಲ್ಪನಾನ ಯಾರಾದ್ರೂ ಬಿಟ್ಕೊಡ್ತಾರಾ? ಹದಿನಾಲ್ಕು ಮ್ಯಾಚಲ್ಲಿ ಹದಿಮೂರಕ್ಕೆ ನಿಂತಿದ್ದು ಅವಳೇ. ನಮ್ ಹುಡುಗಿ ನಿಂತಿದ್ದು ಒಂದಕ್ಕೆ."

ಚಿನ್ನಸ್ವಾಮಿಯ ಕೈ ನಿಂತಿತು. ಹೆಂಡತಿಯ ಮುಖ ನೋಡಿದ. ಆಮೇಲೆ ಬೆವರುತ್ತ ಕೂತಿದ್ದ ರಘುನಾಥ್‌ನ ಮುಖ ನೋಡಿದ. ಅವನೇನೂ ದಡ್ಡನಲ್ಲ.

"ಓಹೋ, ಇದಕ್ಕಾ ಸಾರ್ ಬಂದಿದ್ದು? ಯಾವೂರು?"

"ಗೋವಾ."

"ಅಲ್ಲಿ ಗೋಲಲ್ಲಿ ನಿಲ್ಲಿಸ್ತಾರಾ, ಅಲ್ಲೂ ಬೆಂಚೇನಾ?"

"ಮೊದಲನೇ ಮ್ಯಾಚಿಂದ ಅವಳೇ ನಿಲ್ಲೋದು, ಬರೆದು ಕೊಟ್ಟಿದ್ದಾರೆ. ಒಂದು ಸೀಸನ್ ನಮ್ಮ ಹುಡುಗಿ ಅಲ್ಲಿ, ಅವರ ಹುಡುಗಿ ಇಲ್ಲಿ. ಆಮೇಲೆ ಅವರವರ ತಂಡಕ್ಕೆ ಅವರವರು ವಾಪಸ್."

ಚಿನ್ನಸ್ವಾಮಿ ಕೈಯಲ್ಲಿದ್ದ ಹಣ್ಣನ್ನು ರಾಶಿಗೆ ಹಾಕಿದ. ಆಮೇಲೆ ನಕ್ಕ ನೋಡಿ, ಅಂಗಳದ ಕೋಳಿಗಳೆಲ್ಲ ಚೆದುರಿಹೋದವು.

"ಥೂ, ಮುಯ್ಯಾಳು ಅನ್ನಿ ಸಾರ್! ಅದನ್ನ ಹೇಳಾಕೆ ಇಷ್ಟೊತ್ತು ಬೇಕಾ?"

ಆ ಕಡೆ ಮುಯ್ಯಾಳು ಗೊತ್ತಿಲ್ಲದವರಿಲ್ಲ. ನಿಮ್ಮ ಹೊಲದ ಕೆಲಸಕ್ಕೆ ನಮ್ಮ ಮನೆಯವರು ಬರುತ್ತಾರೆ, ನಮ್ಮ ಹೊಲಕ್ಕೆ ನಿಮ್ಮ ಮನೆಯವರು ಬಂದು ಅದನ್ನು ತೀರಿಸುತ್ತಾರೆ. ಕೂಲಿ ಕೇಳುವಂತಿಲ್ಲ, ಊಟ ಮಾತ್ರ ಹೊಲದವರದ್ದು. ಇಂಥದ್ದಕ್ಕೆ ಇಲ್ಲ ಅಂದ ಮನೆಯನ್ನು ಚಿನ್ನಸ್ವಾಮಿ ಹುಟ್ಟಿದಾರಭ್ಯ ಕಂಡಿರಲಿಲ್ಲ. ಅವನೇ ಫೋನು ತೆಗೆದು ಮಗಳಿಗೆ ಮಾಡಿದ.

"ಹೋಗ್ಬುಟ್ಟು ಬಾ ಮಗಳೇ. ಬೆಂಚಲ್ಲಿ ಕೂತು ಕೂತು ನೀನು ಸೊರಗ್ತಿದ್ದಿದ್ದು ನಂಗೇನ್ ಕಾಣ್ಲಿಲ್ಲ ಅಂದ್ಕೊಂಡ್ಯಾ?"

ಆ ಕಡೆಯಿಂದ ಮೊದಲು ಅಳು, ಅದರ ಹಿಂದೆಯೇ ನಗು. ರಘುನಾಥ್ ಯಾರೂ ಕೊಡದಿದ್ದರೂ ರಾಶಿಯಿಂದ ಒಂದು ಟೊಮೆಟೊ ತೆಗೆದುಕೊಂಡು ಕಚ್ಚಿ ತಿಂದುಬಿಟ್ಟ. ಗಂಟೆ ಇನ್ನೂ ನಾಲ್ಕು, ಕಾಗದ ಕಳಿಸಲು ಬೇಕಾದಷ್ಟು ಹೊತ್ತಿತ್ತು. ಬೈಕಿನ ಕೀ ತೆಗೆದು ಹೊರಡಲು ಎದ್ದ.

"ಸಾರ್," ರಾಮಲಕ್ಷ್ಮಮ್ಮ ಕರೆದಳು. "ಅವರ ಹುಡುಗಿ ಯಾವತ್ತು ಬರೋದು?"

"ಹತ್ತನೇ ತಾರೀಕು ಅಮ್ಮ."

"ಮುಯ್ಯಾಳಿಗೆ ಊಟ ನಮ್ದು. ಬಂದ ಮೊದಲ್ನೇ ಭಾನುವಾರ ಇಲ್ಲಿಗೇ ಕರ್ಕೊಂಡ್ ಬನ್ನಿ. ಏನು ತಿಂತಾಳೆ, ಏನು ಸೇರಲ್ಲ ಅಂತ ಅವರಮ್ಮನ್ನ ಕೇಳಿ ಇಟ್ಕೊಳ್ಳಿ."

"ಆಗಲಮ್ಮ, ಖಂಡಿತ ಕೇಳ್ತೀನಿ."

ಅವಳು ರಾಶಿಯ ಕಡೆ ತಿರುಗಿ ಮತ್ತೆ ಹಣ್ಣು ಆರಿಸತೊಡಗಿದಳು. ತಲೆ ಎತ್ತಲಿಲ್ಲ.

"ನಮ್ ಸೌಮ್ಯ ಏನು ತಿಂತಾಳೆ ಅಂತ... ಆಯಮ್ಮ ಕೇಳ್ದೆ ಇದ್ರೂ ಹೇಳ್ಬುಡಿ ಸಾರ್."