ಹಾಡುಗಾರನ ಸೂತಕ

ಎಂಕಾರ್ನ ಸ್ಪೀಕರನ್ನು ಎತ್ತಿ ತನ್ನ ವೈನಂಗಡಿಯ ಕಿಟಕಿಯಲ್ಲಿ ಬೀದಿಗೆ ಮುಖಮಾಡಿ ಇಡುತ್ತಿದ್ದಾಗ ಪಾಸ್ತೋರ ಒಳಗೆ ನುಗ್ಗಿದಳು. ಮೈತುಂಬ ಕಪ್ಪು, ಅತ್ತು ಊದಿದ ಕಣ್ಣು. ಇಗರ್ಜಿಯಲ್ಲಿ ಅವಳಪ್ಪ ಬಾಸ್ತಿಯಾನನ ಕೊನೆಯ ಪೂಜೆ ನಡೆಯುತ್ತಿತ್ತು. ಅವನಂಥ ಫ್ಲಮೆಂಕೊ ಹಾಡುಗಾರ ಇನ್ನು ಹುಟ್ಟುವುದಿಲ್ಲವೆಂದು ಹೆರೆಸ್ ಊರಿಗೆ ಊರೇ ಅಲ್ಲಿ ನೆರೆದಿತ್ತು.

"ಎಂಕಾರ್ನತ್ತೆ, ಇದೇನಿದು?"

"ನಿಮ್ಮಪ್ಪನ ಹಾಡು ಕಣೆ. ಶವದ ಪೆಟ್ಟಿಗೆ ಈ ಬಾಗಿಲ ಮುಂದೆ ಹೋಗೋವಾಗ ಹಾಕ್ತೀನಿ. ಬೀದಿಯೋರಿಗೆಲ್ಲ ಹೇಳಿಟ್ಟಿದೀನಿ."

"ಇಗರ್ಜಿಗೆ ಹೋಗೋವಾಗ ಅಮ್ಮನ ಕಿವಿಗೆ ಬಿತ್ತು. ಬೇಡ ಅನ್ನು, ಹೋಗು ಅಂತ ಕಳಿಸಿದ್ಲು. ಟೀವಿಗೆ ಬಟ್ಟೆ ಮುಚ್ಚಿದೀವಿ. ಹಾಡುತ್ತಲ್ಲ ಅಂತ ಪಂಜರದ ಹಕ್ಕೀನೂ ಪಕ್ಕದ್ಮನೆಗೆ ಕೊಟ್ವಿ. ಸೂತಕ ಮುಗಿಯೋವರೆಗೂ ಚಪ್ಪಾಳೆ ಸದ್ದೂ ಏಳಬಾರ್ದು. ಇಷ್ಟು ವರ್ಷ ಜಿಪ್ಸಿಗಳ ಕೇರೀಲಿ ವೈನ್ ಸುರಿದಿದೀರ, ನಿಮಗೆ ಇಷ್ಟೂ ಗೊತ್ತಾಗ್ಲಿಲ್ವಾ?"

"ಗೊತ್ತು ತಾಯಿ. ಆದ್ರೆ ಕೇಳಿದ್ದು ಅವನೇ. ಇದೇ ಸ್ಟೂಲ್ ಮೇಲೆ ಕೂತು, 'ನನ್ನ ಬಾಯಿ ಮುಚ್ಚಿ ಕಳಿಸಬೇಡ ಎಂಕಾರ್ನ, ಮಾತು ಕೊಡು' ಅಂದ. ಕೊಟ್ಟುಬಿಟ್ಟೆ."

"ಕುಡಿದಾಗ ಅಪ್ಪ ಯಾರ ಹತ್ರ ಏನು ಕೇಳಿಲ್ಲ ಹೇಳಿ! ಮೇಯರ್ ಹತ್ರ ಕುದುರೆ ಕೇಳಿದ್ದ." ಪಾಸ್ತೋರಳಿಗೆ ಕಿಸಕ್ಕನೆ ನಗು ಬಂತು. ಗಾಬರಿಯಾಗಿ ಬಾಯಿಗೆ ಕೈ ಅಡ್ಡ ಹಿಡಿದು ಇಗರ್ಜಿಯತ್ತ ಓಡಿದಳು.

ಅತ್ತ ದರಿ, ಇತ್ತ ಪುಲಿ. ಹಾಕಿದರೆ ಅವನ ಹೆಂಡತಿಯ ಸೂತಕ ಕೆಡುತ್ತದೆ, ಹಾಕದಿದ್ದರೆ ಸತ್ತವನಿಗೆ ಕೊಟ್ಟ ಮಾತು ಕೆಡುತ್ತದೆ. ಹರೆಯದಲ್ಲಿ ಬಾಸ್ತಿಯಾನನ ದನಿಯ ಹಿಂದೆ ಮಂತ್ರ ಹಾಕಿಸಿಕೊಂಡವಳ ಹಾಗೆ ಊರೂರು ಅಲೆದಿದ್ದಳು ಎಂಕಾರ್ನ. ಈಗ ಯಾವ ಕಡೆ ಹೋಗಬೇಕೆಂದು ಹೇಳಲು ಆ ದನಿಯೇ ಇರಲಿಲ್ಲ. ಸ್ಪೀಕರನ್ನು ಕಿಟಕಿಯಿಂದ ಇಳಿಸಿದಳು. ಮತ್ತೆ ಏರಿಸಿದಳು.

ಇಗರ್ಜಿಯ ಗಂಟೆ ಮೊಳಗಿತು. ಹೆಗಲುಗಳ ಮೇಲೆ ಪೆಟ್ಟಿಗೆ ತಿರುವಿನಲ್ಲಿ ಕಾಣಿಸಿತು. ಏನು ಮಾಡುತ್ತಿದ್ದೇನೆಂದು ಅವಳಿಗೇ ತಿಳಿಯುವ ಮೊದಲು ಅವಳ ಕೈ ಸ್ಪೀಕರಿನ ವೈರನ್ನು ಕಿತ್ತಿತ್ತು. ರೆಕಾರ್ಡ್ ಪ್ಲೇಯರನ್ನೇ ಕಿಟಕಿಗೆ ತಂದಿಟ್ಟು ಮುಳ್ಳನ್ನು ಇಳಿಸಿದಳು. ರೆಕಾರ್ಡು ತಿರುಗಿತು.

"ಹಾಡೆಲ್ಲಿ?" ಎಂದರು ಯಾರೋ.

"ಕರೆಂಟ್ ಬಿಲ್ಲು ಕಟ್ಟಿಲ್ವೇನೇ ಎಂಕಾರ್ನ?"

ಸ್ಪೀಕರಿಲ್ಲದಿದ್ದರೂ ಮುಳ್ಳಿಗೆ ತನ್ನದೇ ಒಂದು ಸಣ್ಣ ದನಿ ಇರುತ್ತದೆ. ಕಿವಿಯಿಟ್ಟವರಿಗಷ್ಟೇ ಕೇಳುವಂಥದ್ದು. ಬೀದಿಗೆ ಬೀದಿಯೇ ಅಳುವಂತೆ ಮಾಡುತ್ತಿದ್ದ ಗಂಟಲು ಅಲ್ಲಿ ಸೊಳ್ಳೆಯ ರೆಕ್ಕೆಯಷ್ಟಾಗಿ ಮಿಡಿಯುತ್ತಿತ್ತು.

ಪೆಟ್ಟಿಗೆಯ ಹಿಂದೆ ಬರುತ್ತಿದ್ದ ಅಂಗುಸ್ತಿಯಾಸ್, ಬಾಸ್ತಿಯಾನನ ಹೆಂಡತಿ, ಸಾಲು ಬಿಟ್ಟು ನೇರ ಕಿಟಕಿಗೆ ಬಂದಳು. ಎಂಕಾರ್ನಳ ಕೈ ಮುಳ್ಳಿನತ್ತ ಹೋಯಿತು.

"ತೆಗೆದುಬಿಡ್ಲಾ, ಅಂಗುಸ್ತಿಯಾಸ್?"

ಅವಳು ಕಪ್ಪು ಮುಸುಕನ್ನು ಕಿವಿಯಿಂದ ಸರಿಸಿ ತಿರುಗುವ ರೆಕಾರ್ಡಿನ ಮೇಲೆ ಬಾಗಿದಳು. ಪೆಟ್ಟಿಗೆ ಮುಂದೆ ಹೋಯಿತು, ಜನ ಹೋದರು, ಬೀದಿ ಬರಿದಾಯಿತು. ಅವಳು ಬಾಗಿಯೇ ಇದ್ದಳು.

"ಮನೇಲಿ ಅವನು ಹಾಡ್ತಿದ್ದಿದ್ದು ಇಷ್ಟೇ ಮೆಲ್ಲಗೆ," ಎಂದಳು.