ಕಚ್ಚಾ ಹೊಲಿಗೆ

ದರ್ಜಿ ತನ್ನ ಅಕ್ಕನ ಬ್ಯಾನರಿಗೆ ಅಂಚು ಹೊಲಿಯುತ್ತಿದ್ದಾಗಲೇ ಬಾವುಟದಂಗಡಿಯ ಮುಂದೆ ಸರ್ಕಾರದ ಕಾರು ಬಂದು ನಿಂತಿತು. ಬ್ಯಾನರಿನ ಮೇಲೆ ‘ಸರ್ಕಾರವೇ, ಬಾಯಿ ಬಿಡು’ ಎಂದು ಮೊಳದುದ್ದದ ಅಕ್ಷರಗಳಿದ್ದವು. ಮಡಚಿಡೋಣವೆಂದರೆ ಒಂದು ತುದಿ ಇನ್ನೂ ಮಿಷನ್ನಿನ ಸೂಜಿಯಡಿಯಲ್ಲಿತ್ತು. ಅಪ್ಪನ ಕಾಲದಿಂದಲೂ ಸರ್ಕಾರಕ್ಕೆ ಬಾವುಟ ಹೊಲಿದುಕೊಟ್ಟೇ ಹೊಟ್ಟೆ ಹೊರೆದ ಮನೆ ಅದು.

ಒಳಗೆ ಬಂದವರು ಶಿಷ್ಟಾಚಾರ ವಿಭಾಗದ ಅಧಿಕಾರಿ. ಹೊರದೇಶದ ದೊಡ್ಡವರು ಬಂದಾಗ ಯಾವ ರಸ್ತೆಯಲ್ಲಿ ಯಾರ ಬಾವುಟ ಹಾರಬೇಕು, ಯಾರ ಪಕ್ಕ ಯಾರು ಕೂರಬೇಕು ಎಂದು ನೋಡಿಕೊಳ್ಳುವುದೇ ಅವರ ಕೆಲಸ. ಬ್ಯಾನರನ್ನು ಸಾವಕಾಶವಾಗಿ ಓದಿದರು. ಸಿಟ್ಟಾಗಲಿಲ್ಲ. ಅಕ್ಷರ ಮುದ್ದಾಗಿ ಬಂದಿದೆ ಎಂದು ಹೊಗಳಿ, ಸ್ಟೂಲು ಎಳೆದುಕೊಂಡು ಅದರ ಪಕ್ಕದಲ್ಲೇ ಕುಳಿತರು.

ಮೂಲೆಯಲ್ಲಿ ಕಸೂತಿ ಹಾಕುತ್ತಿದ್ದ ಅಕ್ಕ ಎದ್ದು ನಿಂತಳು. ಅವಳ ಗಂಡ ಕಡಲಾಚೆಯ ದೇಶವೊಂದರಲ್ಲಿ ಶಾಲೆಯ ಮೇಷ್ಟ್ರು. ಹೋದ ತಿಂಗಳು ಅಲ್ಲಿಯ ಸೇನಾಧಿಪತಿ, ಜನ ಆರಿಸಿದ ಅಧ್ಯಕ್ಷರನ್ನು ಮನೆಯಲ್ಲೇ ಕೂಡಿಹಾಕಿ ತಾನೇ ಅಧ್ಯಕ್ಷನಾಗಿಬಿಟ್ಟಿದ್ದ. ಅದೇ ವಾರ ಪಾಠ ಹೇಳುತ್ತಿದ್ದ ಭಾವನನ್ನು ಸೈನಿಕರು ತರಗತಿಯಿಂದಲೇ ಎಳೆದೊಯ್ದರು. ಆಮೇಲೆ ಸುದ್ದಿಯೇ ಇಲ್ಲ. ಅಕ್ಕನೂ ಅವಳಂಥ ಇನ್ನಷ್ಟು ಹೆಂಗಸರೂ ವಿದೇಶಾಂಗ ಕಚೇರಿಯ ಗೇಟಿನ ಮುಂದೆ ದಿನಾ ಹೋಗಿ ನಿಲ್ಲುತ್ತಿದ್ದರು. ನೀನು ಮಾಡಿದ್ದು ತಪ್ಪು, ನಮ್ಮವರನ್ನು ಬಿಡು ಎಂದು ನಮ್ಮ ಸರ್ಕಾರ ಆ ಮನುಷ್ಯನಿಗೆ ಒಂದು ಮಾತು ಹೇಳಲಿ ಎನ್ನುವುದಷ್ಟೇ ಅವರ ಬೇಡಿಕೆ. ಪರಿಸ್ಥಿತಿಯನ್ನು ಸೂಕ್ಷ್ಮವಾಗಿ ಗಮನಿಸುತ್ತಿದ್ದೇವೆ ಎಂದು ಸರ್ಕಾರ ಹೇಳುತ್ತಿತ್ತು. ಗಮನಿಸಿ ಗಮನಿಸಿ ಅದಕ್ಕೆ ಕಣ್ಣುನೋವು ಬಾರದಿದ್ದದ್ದೇ ಪುಣ್ಯ.

“ಸಾರ್, ನಮ್ಮ ವಿಷಯ ಏನಾಯ್ತು?” ಎಂದಳು ಅಕ್ಕ.

“ನಿಮ್ಮ ಕೂಗು ಮೇಲಿನವರಿಗೆ ಮುಟ್ಟಿದೆಯಮ್ಮ. ತೀರ್ಮಾನ ಆಗಿದೆ. ನಾಡಿದ್ದು ನಿಮಗೇ ಗೊತ್ತಾಗುತ್ತೆ.”

ಅಕ್ಕನ ಕಣ್ಣು ತುಂಬಿತು. ಎಷ್ಟೋ ದಿನದ ಮೇಲೆ ಆ ಮುಖದಲ್ಲಿ ಗೆಲುವು ಕಂಡು ತಮ್ಮನಿಗೂ ಹಗುರವೆನಿಸಿತು. ಸರ್ಕಾರಕ್ಕೆ ಚಹಾ ಕೊಡದೆ ಕಳಿಸುವುದುಂಟೇ? ಹಾಲು ತರಲು ಅವಳು ಚಪ್ಪಲಿಯನ್ನೂ ಮೆಟ್ಟದೆ ಓಡಿದಳು.

ಅವಳು ರಸ್ತೆ ದಾಟಿದ್ದೇ ತಡ, ಅಧಿಕಾರಿ ಡ್ರೈವರನಿಗೆ ಸನ್ನೆ ಮಾಡಿ ದೊಡ್ಡ ಗಂಟೊಂದನ್ನು ಒಳಗೆ ತರಿಸಿದರು. ಅದೇ ದೇಶದ ಬಾವುಟಗಳು, ನೀಲಿ ಬಟ್ಟೆಯ ನಡುವೆ ಬಿಳಿ ಹಕ್ಕಿ. ಹಿಂದೆ ಆ ಅಧ್ಯಕ್ಷರು ಬಂದಿದ್ದಾಗ ಇದೇ ಅಂಗಡಿಯಲ್ಲಿ ಹೊಲಿದವು. ಒಂದೊಂದು ಹಕ್ಕಿಯನ್ನೂ ಅಕ್ಕನೇ ಕೂತು ಕಸೂತಿ ಹಾಕಿದ್ದಳು, ಗಂಡನಿಗೆ ಕೆಲಸ ಕೊಟ್ಟ ದೇಶವೆಂದು.

“ಸೇನಾಧಿಪತಿಗಳು ನಾಡಿದ್ದು ಬರ್ತಿದಾರೆ,” ಎಂದರು ಅಧಿಕಾರಿ. “ಅವರ ಬಾವುಟದಲ್ಲಿ ಈಗ ಹಕ್ಕಿ ಇಲ್ಲ, ಕತ್ತಿ. ಹೊಸದು ಹೊಲಿಯೋಕೆ ಟೈಮಿಲ್ಲ. ಹಕ್ಕಿ ಮೇಲೆ ಕತ್ತಿ ಕೂರಿಸಿಬಿಡಿ.”

ಕಾಗದದಲ್ಲಿ ಬರೆದ ಕತ್ತಿಯ ನಮೂನೆಯನ್ನು ಅವರು ಮೇಜಿನ ಮೇಲಿಟ್ಟರು. ದರ್ಜಿ ಅದನ್ನು ಮುಟ್ಟಲಿಲ್ಲ. “ಸಾರ್, ನಮ್ಮ ಭಾವ...”

“ಗೊತ್ತು. ಆದರೆ ಕರೆದು ಊಟಕ್ಕೆ ಕೂರಿಸಿ ಅಂಥ ಮಾತು ಎತ್ತೋದು ಶಿಷ್ಟಾಚಾರ ಅಲ್ಲ.” ಅವರು ದನಿ ತಗ್ಗಿಸಿದರು. “ಇನ್ನೊಂದು ವಿಷಯ. ಗಟ್ಟಿ ಹೊಲಿಗೆ ಬೇಡ, ಕಚ್ಚಾ ಹೊಲಿಗೆ ಸಾಕು. ನಾಳೆ ಅಲ್ಲಿ ಮತ್ತೆ ಯಾರು ಬರ್ತಾರೋ. ದಾರ ಎಳೆದರೆ ಕತ್ತಿ ಬಂದುಬಿಡಬೇಕು, ಹಕ್ಕಿಗೆ ಏನೂ ಆಗಿರಬಾರದು. ಎಷ್ಟಾದರೂ ನಾವು ಪ್ರಜಾಪ್ರಭುತ್ವದ ಪರ.”

ಅಕ್ಕ ತಂದುಕೊಟ್ಟ ಚಹಾ ಕುಡಿದು, ಏಲಕ್ಕಿ ಹದವಾಗಿದೆ ಎಂದು ಮೆಚ್ಚಿ, ಅವರು ಕಾರು ಹತ್ತಿದರು. ಬಿಚ್ಚಿದ ಗಂಟನ್ನೂ ಮೇಜಿನ ಮೇಲಿದ್ದ ಕತ್ತಿಯ ನಮೂನೆಯನ್ನೂ ಅಕ್ಕ ನೋಡಿದಳು. ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಆದರೂ ದರ್ಜಿ ತಲೆ ತಗ್ಗಿಸಿಕೊಂಡು ಎಲ್ಲವನ್ನೂ ಹೇಳಿದ, ಕಚ್ಚಾ ಹೊಲಿಗೆಯ ಮಾತನ್ನೂ ಬಿಡದೆ. ಅವಳು ಗೋಳೋ ಎಂದು ಅಳುತ್ತಾಳೆಂದುಕೊಂಡಿದ್ದ. ಅವಳು ಖಾಲಿ ಲೋಟ ತೊಳೆದು ಬೋರಲು ಹಾಕಿ ಬಂದಳು.

“ಮಾಡಲ್ಲ ಅಂತ ವಾಪಸ್ ಕಳಿಸ್ತೀನಿ ಅಕ್ಕ. ಅಂಗಡಿ ಹೋದರೆ ಹೋಗಲಿ,” ಎಂದ. ಆ ಗಳಿಗೆಯಲ್ಲಿ ಅದು ಬಾಯಿಮಾತಾಗಿರಲಿಲ್ಲ.

“ನೀನು ಕಳಿಸಿದರೆ ಇನ್ನೊಬ್ಬ ಹೊಲೀತಾನೆ,” ಎಂದಳು ಅಕ್ಕ. “ಅವನು ಗಟ್ಟಿಯಾಗಿ ಹೊಲಿದುಬಿಟ್ಟರೆ?”

ಅವಳೇ ಸೂಜಿಗೆ ದಾರ ಪೋಣಿಸಿದಳು. ತಮ್ಮ ಕತ್ತರಿಸಿಕೊಟ್ಟ ಕತ್ತಿಗಳನ್ನು ಹಕ್ಕಿಯ ಮೇಲೆ ನೆಟ್ಟಗೆ ಕೂರಿಸಿ, ಮೇಲೊಂದು ಕೆಳಗೊಂದು ಉದ್ದನೆಯ ಹೊಲಿಗೆ ಹಾಕುತ್ತ ಹೋದಳು. ಸಂಜೆಯ ಹೊತ್ತಿಗೆ ಬಾವುಟಗಳ ರಾಶಿ ಬೆಳೆಯಿತು. ಸೆಕೆ ತಾಳಲಾರದೆ ದರ್ಜಿ ಫ್ಯಾನು ಹಾಕಿದ. ರಾಶಿಯ ಮೇಲಿನ ಬಾವುಟ ಪಟಪಟನೆ ಎರಡು ಸಲ ಬಡಿದುಕೊಂಡಿತು. ಅದರ ಕತ್ತಿ ಜಾರಿ ನೆಲಕ್ಕೆ ಬಿತ್ತು, ಕೆಳಗಿಂದ ಹಕ್ಕಿ ಕಂಡಿತು.

ದರ್ಜಿ ಕತ್ತಿಯನ್ನು ಎತ್ತಿಕೊಂಡು ನೋಡಿದ. “ಅಕ್ಕ, ನೀನು ದಾರದ ಕೊನೆಗೆ ಗಂಟೇ ಹಾಕಿಲ್ಲ.”

“ಕಚ್ಚಾ ಸಾಕು ಅಂತ ಸರ್ಕಾರವೇ ಹೇಳಿದೆಯಲ್ಲ.” ಅಕ್ಕ ಅವನ ಕೈಯಿಂದ ಅದನ್ನು ತೆಗೆದುಕೊಂಡು, ಹಕ್ಕಿಯ ಮೇಲಿಟ್ಟು, ಮೊದಲಿನಂತೆಯೇ ಹೊಲಿದಳು. ದಾರವನ್ನು ಹಲ್ಲಿನಿಂದ ಕಚ್ಚಿ ಕಡಿದು ಕೇಳಿದಳು:

“ನಾಡಿದ್ದು ಗಾಳಿ ಹೇಗಿರುತ್ತಂತೆ?”